ಹಳಿ ಹಾಕಿದಾಕ್ಷಣ ವ್ಯಾಪಾರ ಬೆಳೆಯುವುದಿಲ್ಲ

ಆಫ್ರಿಕಾದ ದೇಶಗಳು ತಮ್ಮತಮ್ಮೊಳಗೆ ನಡೆಸುವ ವ್ಯಾಪಾರ ಅವುಗಳ ಒಟ್ಟು ವಿದೇಶ ವ್ಯಾಪಾರದಲ್ಲಿ ಸುಮಾರು ಶೇ 15ರಷ್ಟು ಮಾತ್ರ. ಯುರೋಪಿನಲ್ಲಿ ಈ ಪಾಲು ಅರ್ಧಕ್ಕಿಂತ ಹೆಚ್ಚು. ಯಾಕೆ ಹೀಗೆ ಎಂದರೆ ಥಟ್ಟನೆ ಬರುವ ಉತ್ತರ: ಅಲ್ಲಿ ಒಳ್ಳೆಯ ರಸ್ತೆಯಿಲ್ಲ, ರೈಲಿಲ್ಲ. ಸಾಲ ತಂದು ಬಂದರಿನಿಂದ ಒಳನಾಡಿಗೆ ಹಳಿ ಹಾಕಿಬಿಟ್ಟರೆ ವ್ಯಾಪಾರ ತಾನಾಗಿ ಹರಿದುಬರುತ್ತದೆ ಎಂಬ ನಂಬಿಕೆ ಸರ್ಕಾರಗಳಲ್ಲೂ ಇದೆ, ಸಾಲ ಕೊಡುವವರಲ್ಲೂ ಇದೆ. ಇದರಲ್ಲಿ ಅರ್ಧ ಸತ್ಯವಿದೆ. ಕಾಂಗೋದಂಥ ವಿಶಾಲ ದೇಶದಲ್ಲಿ ಎಷ್ಟೋ ಕಡೆ ವರ್ಷವಿಡೀ ಲಾರಿ ಓಡಾಡುವ ರಸ್ತೆಯೇ ಇಲ್ಲ. ಅಲ್ಲಿ ಮೊದಲು ಬೇಕಾದದ್ದು ರಸ್ತೆಯೇ. ಆದರೆ ಹಳಿಯೂ ಡಾಂಬರೂ ಇರುವ ಮಾರ್ಗಗಳ ಐವತ್ತು ವರ್ಷಗಳ ಅನುಭವ ಬೇರೆಯೇ ಹೇಳುತ್ತದೆ. ಅಲ್ಲಿ ಸರಕಿನ ಹೊತ್ತು ಹೋಗುವುದು ಚಲಿಸುವಾಗ ಕಡಿಮೆ, ನಿಂತಲ್ಲಿ ಹೆಚ್ಚು.

ತಾಂಜಾನಿಯಾದ ದಾರ್ ಎಸ್ ಸಲಾಮ್ ಬಂದರಿನಿಂದ ಝಾಂಬಿಯಾದ ಕಪಿರಿ ಎಂಪೋಶಿಗೆ ಹೋಗುವ ತಾಜಾರಾ ರೈಲುಮಾರ್ಗವನ್ನೇ ನೋಡಿ. ಸುಮಾರು 1,860 ಕಿಲೋಮೀಟರ್ ಉದ್ದದ ಈ ಮಾರ್ಗವನ್ನು ಚೀನಾ ಬಡ್ಡಿಯಿಲ್ಲದ ಸಾಲ ಕೊಟ್ಟು 1970ರಿಂದ ಐದೇ ವರ್ಷಗಳಲ್ಲಿ ಕಟ್ಟಿಸಿತು. ಬಿಳಿಯರ ಆಳ್ವಿಕೆಯ ರೊಡೇಸಿಯಾದ (ಇಂದಿನ ಜಿಂಬಾಬ್ವೆ) ಹಂಗಿಲ್ಲದೆ ಝಾಂಬಿಯಾದ ತಾಮ್ರ ಸಮುದ್ರ ಸೇರಬೇಕೆಂಬ ಗುರಿ ನ್ಯಾಯವಾದದ್ದೇ ಆಗಿತ್ತು. ವರ್ಷಕ್ಕೆ 20 ಲಕ್ಷ ಟನ್ ಸರಕು ಸಾಗಿಸಲೆಂದು ಕಟ್ಟಿದ ಈ ಮಾರ್ಗ ಆ ಮಟ್ಟವನ್ನು ಒಂದು ವರ್ಷವೂ ಮುಟ್ಟಲಿಲ್ಲ. 2010ರ ದಶಕದ ನಡುವೆ ಅದು ಹೊತ್ತದ್ದು 1 ಲಕ್ಷ ಟನ್‌ಗೂ ಕಡಿಮೆ. ಹಳಿ ಅಲ್ಲೇ ಇತ್ತು, ಎಂಜಿನ್‌ಗಳು ಕೆಟ್ಟು ನಿಂತಿದ್ದವು. ಎರಡು ಸರ್ಕಾರಗಳ ಸಮಪಾಲಿನ ಒಡೆತನದಲ್ಲಿ ದುರಸ್ತಿಗೆ ಹಣ ಹಾಕುವ ಹೊಣೆ ಯಾರ ಹೆಗಲಿಗೂ ಗಟ್ಟಿಯಾಗಿ ಬೀಳಲಿಲ್ಲ. ದಕ್ಷಿಣದ ರಾಜಕೀಯ ಬದಲಾಗಿ ದಾರಿ ತೆರೆದ ಮೇಲೆ ತಾಮ್ರ ಲಾರಿ ಹತ್ತಿ ಅತ್ತ ಹೊರಟಿತು.

ಕೆನ್ಯಾದ ಕಥೆ ಇನ್ನೂ ಹತ್ತಿರದ್ದು. ಮೊಂಬಾಸಾ ಮತ್ತು ನೈರೋಬಿ ನಡುವೆ ಹೊಸ ಸ್ಟ್ಯಾಂಡರ್ಡ್ ಗೇಜ್ ರೈಲು 2017ರ ಮೇ ಕೊನೆಯಲ್ಲಿ ಓಡತೊಡಗಿತು. ಖರ್ಚಿನ ಬಹುಪಾಲು ಚೀನಾದ ಎಕ್ಸಿಮ್ ಬ್ಯಾಂಕಿನ ಸಾಲ. ಮಾರ್ಗ ಉಗಾಂಡದ ಕಂಪಾಲಾವರೆಗೂ, ಮುಂದೆ ರುವಾಂಡದ ಕಿಗಾಲಿಯವರೆಗೂ ಹೋಗಬೇಕಿತ್ತು. 2019ರಲ್ಲಿ ನೈವಾಶಾ ಬಳಿ ನಿಂತುಹೋಯಿತು. ಅಲ್ಲಿಂದ ಮುಂದೆ ಹಳೆಯ ಮೀಟರ್ ಗೇಜ್ ಹಳಿಗೋ ಲಾರಿಗೋ ಸರಕು ಬದಲಿಸಬೇಕು. ನೈರೋಬಿಯ ವ್ಯಾಪಾರಿಗೂ ರೈಲು ದರ ಮಾತ್ರ ಕೊಟ್ಟರೆ ಮುಗಿಯಲಿಲ್ಲ, ರೈಲು ಕಂಟೇನರ್ ಇಳಿಸುವ ಒಳನಾಡಿನ ‘ಒಣ ಬಂದರಿ’ನಿಂದ ಗೋದಾಮಿಗೆ ಇನ್ನೊಂದು ಲಾರಿ ಬಾಡಿಗೆ ತೆರಬೇಕಾಯಿತು. ರೈಲಿಗೆ ಸರಕು ಸಾಕಷ್ಟು ಸಿಗದಾಗ ಕಂಟೇನರ್‌ಗಳು ರೈಲಿನಲ್ಲೇ ಹೋಗಬೇಕೆಂದು ಸರ್ಕಾರ ಆಜ್ಞೆ ಹೊರಡಿಸಿತು. 2022ರಲ್ಲಿ ಅಧಿಕಾರಕ್ಕೆ ಬಂದ ವಿಲಿಯಂ ರೂಟೊ ಅದನ್ನು ಹಿಂದೆಗೆದುಕೊಂಡರು. ಅಗ್ಗವೂ ಅನುಕೂಲವೂ ಆದ ದಾರಿಗೆ ವ್ಯಾಪಾರಿಯನ್ನು ಆಜ್ಞೆಯಿಂದ ಎಳೆದು ತರಬೇಕಾಗುವುದಿಲ್ಲ. ಇದನ್ನೆಲ್ಲ ಚೀನಾದ ಸಾಲದ ಬಲೆ ಎಂದು ಕರೆದು ಸುಮ್ಮನಾಗುವವರಿದ್ದಾರೆ. ನನಗೆ ಆ ವಿವರಣೆ ಸಾಲದು. ಸಾಲ ಯಾರದ್ದೇ ಇರಲಿ, ಅದನ್ನು ತೀರಿಸಬೇಕಾದದ್ದು ಸರಕಿನ ಆದಾಯ. ಆ ಲೆಕ್ಕ ಮೊದಲೇ ತಪ್ಪಿತ್ತು.

ಇದೇ ಮಾರ್ಗದಲ್ಲಿ ತೀರಾ ಕಡಿಮೆ ಖರ್ಚಿನ ಇನ್ನೊಂದು ಕೆಲಸವೂ ನಡೆಯಿತು. ಪೂರ್ವ ಆಫ್ರಿಕಾ ಸಮುದಾಯದ ದೇಶಗಳು 2014ರ ಹೊತ್ತಿಗೆ ಏಕ ಸುಂಕ ಪ್ರದೇಶದ ವ್ಯವಸ್ಥೆಗೆ ಬಂದವು. ಉಗಾಂಡದ ಸುಂಕ ಅಧಿಕಾರಿಗಳು ಮೊಂಬಾಸಾದಲ್ಲೇ ಕುಳಿತರು; ಕಂಟೇನರ್ ಬಂದರು ಬಿಡುವ ಮೊದಲೇ ತೆರಿಗೆ ಕಟ್ಟಿಯಾಗಿರುತ್ತಿತ್ತು. ಮಲಾಬಾ, ಬುಸಿಯಾ ಗಡಿಗಳಲ್ಲಿ ಎರಡೂ ದೇಶಗಳ ತಪಾಸಣೆ ಒಂದೇ ಸೂರಿನಡಿ ಮುಗಿಯತೊಡಗಿತು. ಮೊಂಬಾಸಾದಿಂದ ಕಂಪಾಲಾಕ್ಕೆ 18 ದಿನ ಹಿಡಿಯುತ್ತಿದ್ದ ಪ್ರಯಾಣ ಸುಮಾರು 4 ದಿನಕ್ಕೆ ಇಳಿಯಿತು. ಇನ್ನೂ ದಕ್ಷಿಣಕ್ಕೆ, ಝಾಂಬಿಯಾ ಮತ್ತು ಜಿಂಬಾಬ್ವೆ ನಡುವಿನ ಚಿರುಂಡುವಿನಲ್ಲಿ 2009ರಲ್ಲೇ ಇಂಥ ಏಕನಿಲುಗಡೆ ಗಡಿಠಾಣೆ ಶುರುವಾಗಿ, ದಿನಗಟ್ಟಲೆ ಕಾಯುತ್ತಿದ್ದ ಲಾರಿಗಳ ಕಾಯುವಿಕೆ ಬಹಳ ತಗ್ಗಿತ್ತು. ನಮ್ಮಲ್ಲೂ 2017ರಲ್ಲಿ ಜಿಎಸ್‌ಟಿ ಬಂದು ರಾಜ್ಯಗಡಿಗಳ ತೆರಿಗೆ ಚೆಕ್‌ಪೋಸ್ಟ್‌ಗಳು ಎದ್ದುಹೋದಾಗ, ಒಂದಡಿ ರಸ್ತೆಯೂ ಅಗಲವಾಗದೆಯೇ ಲಾರಿಗಳ ಹೊತ್ತು ಉಳಿಯಿತು.

ಗಡಿ ಸಡಿಲಿಸಿದರೆ ಸುಂಕ ಸೋರಿಹೋಗುತ್ತದೆ, ಕಳ್ಳಸಾಗಣೆ ಹೆಚ್ಚುತ್ತದೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಬಡ ದೇಶಗಳ ಬೊಕ್ಕಸಕ್ಕೆ ಗಡಿ ಸುಂಕ ದೊಡ್ಡ ಆಧಾರ. ಆದರೆ ಮೊಂಬಾಸಾದ ವ್ಯವಸ್ಥೆಯಲ್ಲಿ ತೆರಿಗೆ ಮೊದಲೇ ವಸೂಲಾಗುತ್ತದೆ, ಕಂಟೇನರ್‌ಗೆ ಹಾಕಿದ ಎಲೆಕ್ಟ್ರಾನಿಕ್ ಮುದ್ರೆ ಅದು ಎಲ್ಲಿದೆ ಎಂದು ತಿಳಿಸುತ್ತಿರುತ್ತದೆ. ಸುಂಕ ಸೋರುವುದಕ್ಕೆ ಹೆಚ್ಚು ಎಡೆ ಇದ್ದದ್ದು ದಾರಿಯುದ್ದಕ್ಕೂ ಹತ್ತು ಕಡೆ ಲಾರಿ ನಿಲ್ಲಿಸಿ ಕಾಗದ ಕೇಳುತ್ತಿದ್ದ ಹಳೆಯ ಪದ್ಧತಿಯಲ್ಲೇ.

ರಸ್ತೆ ಸುಧಾರಿಸಿದರೆ ಸಾಗಾಟ ದರ ಇಳಿಯುತ್ತದೆ ಎಂಬುದೂ ಎಲ್ಲ ಕಡೆ ನಿಜವಲ್ಲ. ವಿಶ್ವಬ್ಯಾಂಕಿನ ಸೂಪೀ ತೆರವನಿಂಥಾರ್ನ್ ಮತ್ತು ಗೇಲ್ ರಬಲಾಂ 2009ರ ತಮ್ಮ ಅಧ್ಯಯನದಲ್ಲಿ ಲಾರಿ ಓಡಿಸುವ ವೆಚ್ಚವನ್ನೂ ವ್ಯಾಪಾರಿ ತೆರುವ ದರವನ್ನೂ ಬೇರೆ ಬೇರೆಯಾಗಿ ಅಳೆದರು. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದಲ್ಲಿ ಲಾರಿ ಸಂಘಗಳು ಸರತಿಯ ಮೇಲೆ ಸರಕು ಹಂಚುತ್ತವೆ, ಪೈಪೋಟಿಗೆ ಜಾಗವಿಲ್ಲ. ಅಲ್ಲಿ ರಸ್ತೆ ನುಣುಪಾದರೆ ಮಿಕ್ಕ ಹಣ ಸಾಗಣೆದಾರರ ಕಿಸೆಯಲ್ಲೇ ಉಳಿಯುತ್ತದೆ. ಪೈಪೋಟಿ ಇರುವ ಪೂರ್ವ ಆಫ್ರಿಕಾದಲ್ಲಿ ಮಾತ್ರ ಒಳ್ಳೆಯ ರಸ್ತೆಯ ಲಾಭ ಗಿರಾಕಿಗೆ ದಾಟುವ ಸಂಭವ ಹೆಚ್ಚು. ರುವಾಂಡ 1994ರ ನಂತರ ಸಾಗಾಟ ಕ್ಷೇತ್ರದ ನಿಯಂತ್ರಣ ತೆಗೆದಾಗ ದರಗಳು ಗಣನೀಯವಾಗಿ ಬಿದ್ದವು.

ಈಗ ಅಮೆರಿಕವೂ ಯುರೋಪೂ ಉತ್ಸಾಹದಿಂದ ಬೆಂಬಲಿಸುತ್ತಿರುವ ಲೊಬಿಟೊ ಮಾರ್ಗಕ್ಕೂ ಇದೇ ಪ್ರಶ್ನೆಗಳನ್ನು ಕೇಳಬೇಕು. ಅಂಗೋಲಾದ ಲೊಬಿಟೊ ಬಂದರಿನಿಂದ ಕಾಂಗೋ ಗಡಿಯವರೆಗಿನ ಸುಮಾರು 1,300 ಕಿಲೋಮೀಟರ್ ಹಳಿ ಅಂತರ್ಯುದ್ಧದಲ್ಲಿ ಹಾಳಾಗಿ, ಚೀನಾದ ಹಣದಿಂದ 2010ರ ದಶಕದಲ್ಲಿ ಮತ್ತೆ ಎದ್ದಿತು. ಆದರೂ ವರ್ಷಗಟ್ಟಲೆ ಕಾಂಗೋದ ತಾಮ್ರ ಅತ್ತ ಹೆಚ್ಚು ಬರಲಿಲ್ಲ. ಗಡಿಯಾಚೆಯ ಹಳಿ ದುಃಸ್ಥಿತಿಯಲ್ಲಿತ್ತು. ಝಾಂಬಿಯಾದ ಕಡೆಗೆ ಇನ್ನೂ ಸುಮಾರು 800 ಕಿಲೋಮೀಟರ್ ಹೊಸ ಹಳಿಯ ಯೋಜನೆ ಸಿದ್ಧವಾಗುತ್ತಿದೆ. ಗಣಿಯಿಂದ ಬಂದರಿಗೆ ಅದಿರು ಇಳಿಸುವ ಮಾರ್ಗ ಗಣಿ ಕಂಪನಿಗೆ ಲಾಭ ತರಬಹುದು, ಸರ್ಕಾರಕ್ಕೆ ರಾಯಧನವನ್ನೂ ತರಬಹುದು. ಅದನ್ನು ಪ್ರಾದೇಶಿಕ ವ್ಯಾಪಾರ ಎಂದು ಕರೆಯಬೇಕಾದರೆ ಝಾಂಬಿಯಾದ ರೈತನ ಮೆಕ್ಕೆಜೋಳ ಅಂಗೋಲಾದ ಪೇಟೆಗೂ, ಅಂಗೋಲಾದ ಮೀನು ಕಾಂಗೋದ ಗಣಿ ಊರಿಗೂ ಮುಟ್ಟಬೇಕು. ಅದಕ್ಕೆ ನಡುನಡುವೆ ನಿಲ್ದಾಣ ಬೇಕು, ಶೈತ್ಯಾಗಾರ ಬೇಕು, ಸಣ್ಣ ಸರಕಿಗೂ ಬೋಗಿ ಸಿಗಬೇಕು. ಪೂರ್ವ ಆಫ್ರಿಕಾದಲ್ಲಿ 2,000 ಡಾಲರ್‌ಗಿಂತ ಕಡಿಮೆ ಬೆಲೆಯ ಸ್ಥಳೀಯ ಸರಕನ್ನು ಗಡಿ ದಾಟಿಸಲು ಸರಳ ಪ್ರಮಾಣಪತ್ರವೊಂದು ಸಾಕು. ಬುಟ್ಟಿ ಹೊತ್ತು ಗಡಿ ದಾಟುವ ಹೆಂಗಸರಿಗೆ ಅದು ದೊಡ್ಡ ಆಸರೆ. ಲೊಬಿಟೊದ ಮೂರೂ ದೇಶಗಳು ಸಾಲದ ಕಾಗದಕ್ಕೆ ಸಹಿ ಹಾಕುವ ದಿನವೇ ಅಂಥದ್ದೊಂದು ಒಪ್ಪಂದಕ್ಕೂ ಸಹಿ ಹಾಕಲಿ.