ಜೋಳದ ಋಣ ಮರೆಯದಿರೋಣ



ಋಣಗಳಲ್ಲೆಲ್ಲ ಅನ್ನದ ಋಣ ದೊಡ್ಡದು. ನಮ್ಮ ಪೂರ್ವಿಕರು ಇದಕ್ಕೆ 'ಜೋಳವಾಳಿ' ಎಂದು ಹೆಸರಿಟ್ಟಿದ್ದರು. ಹಳೆಗನ್ನಡದ ಕಾವ್ಯ, ಶಾಸನಗಳಲ್ಲಿ ಈ ಮಾತು ಬರುತ್ತದೆ. ಯಾರ ಜೋಳ ಉಂಡೆವೋ ಅವರಿಗಾಗಿ ಪ್ರಾಣವನ್ನಾದರೂ ಕೊಡಬೇಕೆಂಬುದು ಅಂದಿನ ವೀರರ ನಿಷ್ಠೆ. ಇಂದು ಒಡೆಯನಿಗಾಗಿ ಕತ್ತಿ ಹಿಡಿಯುವ ಕಾಲವಲ್ಲ. ಆದರೆ ಜೋಳ ಕೊಟ್ಟ ಭೂಮಿ, ಉತ್ತ ಎತ್ತು, ರೊಟ್ಟಿ ಬಡಿದ ತಾಯಿ, ಇವರ ಋಣ ಇಂದಿಗೂ ನಮ್ಮ ತಲೆಯ ಮೇಲಿದೆ.

ಮೊದಲು ಭೂಮಿಯ ಮಾತು. ವಿಜಯಪುರ, ಬಾಗಲಕೋಟೆ, ಕಲಬುರಗಿ, ರಾಯಚೂರು, ಕೊಪ್ಪಳದ ಎರೆ ಹೊಲಗಳಲ್ಲಿ ಉತ್ತರಿ, ಹಸ್ತ ಮಳೆಯ ಹಸಿಗೆ ಬಿತ್ತಿದ ಹಿಂಗಾರಿ ಜೋಳ ಕಾಲುವೆ ನೀರನ್ನು ಬೇಡದು. ಮಣ್ಣು ಹಿಡಿದಿಟ್ಟ ತೇವವನ್ನೇ ಕುಡಿದು ತೆನೆ ಬಿಡುತ್ತದೆ. ಅದೇ ಒಂದು ಕಿಲೋ ಅಕ್ಕಿ ಬೆಳೆಯಲು ಸಾವಿರಾರು ಲೀಟರ್ ನೀರು ಬೇಕು. ಹಿರಿಯರು ಜೋಳವೊಂದನ್ನೇ ಬಿತ್ತಲಿಲ್ಲ. ನಡುವೆ ಕಡಲೆಯ ಅಕ್ಕಡಿ ಸಾಲು ಹಾಕಿದರು, ಅಂಚಿಗೆ ಕುಸುಬೆ ಹಾಕಿದರು. ಕಡಲೆಯ ಬೇರು ನೆಲಕ್ಕೆ ಸಾರ ಕೊಟ್ಟಿತು. ಕುಸುಬೆಯ ಮುಳ್ಳು ದನಗಳನ್ನು ತಡೆಯಿತು, ಬೀಜ ಮನೆಗೆ ಎಣ್ಣೆಯಾಯಿತು. ಒಂದು ಬೆಳೆ ಕೈಕೊಟ್ಟ ವರ್ಷ ಇನ್ನೊಂದು ಕೈ ಹಿಡಿಯಿತು.

ಇನ್ನು ಎತ್ತಿನ ಮಾತು. ಜೋಳದ ತೆನೆ ಮನುಷ್ಯನಿಗೆ, ಕಣಿಕೆ ದನಕ್ಕೆ, ದನದ ಗೊಬ್ಬರ ಮತ್ತೆ ಹೊಲಕ್ಕೆ. ಇದೊಂದು ಸುತ್ತು. ಜೋಳದ ಹೊಲ ಕಬ್ಬು, ಹತ್ತಿ, ಮೆಕ್ಕೆಜೋಳಕ್ಕೆ ತಿರುಗಿದಾಗ ಈ ಸುತ್ತು ಹರಿಯಿತು. ಕಣಿಕೆ ಇಲ್ಲವೆಂದು ಎತ್ತು ಸಂತೆಗೆ ಹೋಯಿತು. ಎತ್ತು ಹೋದ ಮೇಲೆ ತಿಪ್ಪೆ ಬರಿದಾಯಿತು. ತಿಪ್ಪೆ ಬರಿದಾದ ಮೇಲೆ ಸಾಲ ಮಾಡಿ ಗೊಬ್ಬರದ ಚೀಲ ತರಬೇಕಾಯಿತು. ರೈತನ ಸಾಲದ ಒಂದು ಬೇರು ಇಲ್ಲಿಯೂ ಇದೆ.

ಹಿಂದೆ ಊರೂರಿಗೆ ಹಗೇವುಗಳಿದ್ದವು. ನೆಲ ಅಗೆದು, ಒಳಗೆ ಹುಲ್ಲು ಹೊದಿಸಿ, ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದರು. ಒಳಗೆ ಗಾಳಿಯ ಜೀವಸತ್ವ ಕುಂದಿ ಹುಳು ಬದುಕುತ್ತಿರಲಿಲ್ಲ. ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಆ ಗಾಳಿ ಮನುಷ್ಯನಿಗೂ ಅಪಾಯವೆಂದು ಬಾಯಿ ತೆರೆದು ಬಹಳ ಹೊತ್ತು ಬಿಟ್ಟೇ ಒಳಗಿಳಿಯುತ್ತಿದ್ದರು. ಬರ ಬಂದಾಗ ಊರು ಉಳಿದದ್ದು ಹಗೇವಿನಿಂದ. ನಾಳೆಗೆ ಕೂಡಿಡುವುದು ಲೋಭವಲ್ಲವೇ ಎಂದು ಕೇಳಬಹುದು. ತನಗಾಗಿಯೇ ಬಚ್ಚಿಟ್ಟರೆ ಲೋಭ, ಹಸಿದವರಿಗಾಗಿ ತೆರೆದರೆ ದಾಸೋಹ.

ಪಡಿತರದ ಅಕ್ಕಿಯನ್ನು ಹಳಿಯುವುದು ಸಲ್ಲದು. 2013ರಲ್ಲಿ ಆರಂಭವಾದ ಅನ್ನಭಾಗ್ಯ ಎಷ್ಟೋ ಬಡವರ ಒಲೆ ಉರಿಸಿದೆ. ಆದರೆ ಬಿಳಿ ಅಕ್ಕಿಯೊಂದೇ ಊಟವಾದರೆ ದೇಹಕ್ಕೆ ಸಾಲದು. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶವಿದ್ದರೆ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಕಬ್ಬಿಣದ ಅಂಶವೂ ಜೋಳದಲ್ಲಿ ಹಲವು ಪಟ್ಟು ಹೆಚ್ಚು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿತು. 2025-26ಕ್ಕೆ ಕೇಂದ್ರ ಸರ್ಕಾರ ಮಾಲದಂಡಿ ಜೋಳಕ್ಕೆ ಕ್ವಿಂಟಲಿಗೆ 3,749 ರೂಪಾಯಿ ಬೆಂಬಲ ಬೆಲೆ ಸಾರಿತು. ಒಳ್ಳೆಯದೇ. ಆದರೆ ಜೋಳ ಪಟ್ಟಣದ ಅಂಗಡಿಯ ಬೆಡಗಿನ ಪೊಟ್ಟಣವಾದರೆ ಸಾಲದು, ಬೆಳೆದವನ ಗಂಗಾಳದಲ್ಲಿಯೂ ಇರಬೇಕು.

ಕೊನೆಗೆ ತಾಯಿಯ ಮಾತು. 'ಈಗಿನ ಹೆಣ್ಣುಮಕ್ಕಳಿಗೆ ರೊಟ್ಟಿ ಬಡಿಯಲು ಬರುವುದಿಲ್ಲ' ಎಂದು ಕಟ್ಟೆಯ ಮೇಲೆ ಕುಳಿತು ದೂರುವ ಹಿರಿಯರಿದ್ದಾರೆ. ಹಗಲೆಲ್ಲ ಹೊಲದಲ್ಲಿ ದುಡಿದು, ಸಂಜೆ ಒಲೆಯ ಹೊಗೆಯಲ್ಲಿ ಮನೆಮಂದಿಗೆಲ್ಲ ರೊಟ್ಟಿ ಬಡಿದ ರಟ್ಟೆಯ ನೋವು ಕೇಳಿದವರಾರು? ಕಾಯಕದಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲವೆಂದ ಮೇಲೆ ಹಿಟ್ಟು ನಾದಲು ಗಂಡಸಿನ ಕೈಗೇನು ಅಡ್ಡಿ? ಇಂದು ಅನೇಕ ಊರುಗಳಲ್ಲಿ ಮಹಿಳಾ ಸಂಘಗಳು ರೊಟ್ಟಿ ಮಾಡಿ ಮಾರುತ್ತಿವೆ. ಅವರಿಂದ ಕೊಳ್ಳುವುದು ಕುಂದಲ್ಲ. ಅದರಿಂದ ಅವರ ಕಾಯಕಕ್ಕೆ ಬೆಲೆ ಬರುತ್ತದೆ.

ಕೊಪ್ಪಳದ ಗವಿಮಠದ ಜಾತ್ರೆಯನ್ನು ನೋಡಿ. ಸುತ್ತಲಿನ ಹಳ್ಳಿಗಳ ತಾಯಂದಿರು ಬಡಿದ ಲಕ್ಷಾಂತರ ಜೋಳದ ರೊಟ್ಟಿಗಳು ಬಂಡಿ, ಟ್ರ್ಯಾಕ್ಟರುಗಳಲ್ಲಿ ಮಹಾದಾಸೋಹಕ್ಕೆ ಬರುತ್ತವೆ. ಕಟಕ್ ರೊಟ್ಟಿ ಕೆಡದ ಕಾರಣ ದಿನಗಟ್ಟಲೆ ಮೊದಲೇ ಮಾಡಿಟ್ಟರೂ ನಡೆಯುತ್ತದೆ. ಭಕ್ತಿಗೆ ಬರವಿಲ್ಲ. ಆದರೆ ಹಳ್ಳಿಯಲ್ಲಿ ಜೋಳ ಬಿತ್ತುವವರೇ ಇಲ್ಲವಾದರೆ ಆ ಬಂಡಿ ತುಂಬುವುದು ಹೇಗೆ? ದಾಸೋಹ ಆರಂಭವಾಗುವುದು ಅಡುಗೆಮನೆಯಲ್ಲಲ್ಲ, ಹೊಲದ ಸಾಲಿನಲ್ಲಿ.

ಆದ್ದರಿಂದ ಭೂಮಿಯುಳ್ಳವರು ಮನೆಯ ಊಟಕ್ಕಾಗುವಷ್ಟಾದರೂ ಜೋಳ ಬಿತ್ತಿರಿ. ಅಂಚಿಗೆ ನಾಲ್ಕು ಸಾಲು ಕುಸುಬೆ ಹಾಕಿರಿ. ಒಳ್ಳೆಯ ತೆನೆ ಆರಿಸಿ ಬೀಜಕ್ಕೆ ಕಟ್ಟಿಡಿರಿ. ಮದುವೆ, ಗೃಹಪ್ರವೇಶಗಳಲ್ಲಿ ರೊಟ್ಟಿ, ಪುಂಡಿಪಲ್ಯ ಬಡಿಸಲು ನಾಚಬೇಡಿರಿ. ಎಲೆಯಲ್ಲಿ ಪ್ರಸಾದ ಬಿಡಬೇಡಿರಿ. ಹಿರಿಯರು ಅಕ್ಕಡಿಯ, ಹಗೇವಿನ ಅರಿವನ್ನು ಮೊಮ್ಮಕ್ಕಳಿಗೆ ಹೊಲಕ್ಕೆ ಕರೆದೊಯ್ದು ಹೇಳಿರಿ. ಆ ಅರಿವು ನಿಮ್ಮೊಂದಿಗೇ ಹೋಗಿಬಿಟ್ಟರೆ ಮತ್ತೆ ಕಲಿಸುವವರಿಲ್ಲ. ಉಂಡ ಜೋಳದ ಋಣ ತೀರುವುದು ಮತ್ತೆ ಬಿತ್ತಿದಾಗಲೇ.