ಆನ್‌ಲೈನ್ ಪದವಿ: ಶುಲ್ಕ ಪಾವತಿಸುವ ಮುನ್ನ ಪರಿಶೀಲಿಸಬೇಕಾದ ಸಂಗತಿಗಳು



ದೇವದುರ್ಗದ ಕಡೆಗೂ ಮಾನ್ವಿಯ ಕಡೆಗೂ ದಾರಿ ಕವಲೊಡೆಯುವ ಕಲ್ಮಲದಂತಹ ಗ್ರಾಮಗಳಲ್ಲಿ, ಪಿಯುಸಿ ಮುಗಿಸಿದ ಹೆಣ್ಣುಮಕ್ಕಳ ಮುಂದಿನ ಓದು ಬಹುಮಟ್ಟಿಗೆ ಬಸ್ಸಿನ ವೇಳೆ ಮತ್ತು ಹಾಸ್ಟೆಲ್ ಸೀಟನ್ನು ಅವಲಂಬಿಸಿರುತ್ತದೆ. ಮನೆಯಲ್ಲಿಯೇ ಪದವಿ ಎಂಬ ಜಾಹೀರಾತು ಪಾಲಕರನ್ನು ಸೆಳೆಯುವುದು ಸಹಜ. ಸಲಹೆ ಕೇಳಿ ಅವರು ಮೊದಲು ಬರುವುದು ತಮ್ಮ ಬಳಿಗೇ.

ಇಲ್ಲಿ ಎರಡು ಬಗೆಗಳಿವೆ. 2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ 'ಸ್ವಯಂ' ವೇದಿಕೆಯಲ್ಲಿ ಪಾಠಗಳನ್ನು ಉಚಿತವಾಗಿ ಕಲಿಯಬಹುದು. ಪ್ರಮಾಣಪತ್ರ ಬೇಕಾದವರು ಶುಲ್ಕ ತೆತ್ತು ಪರೀಕ್ಷೆ ಬರೆಯಬೇಕು. ಕಾಲೇಜಿನಲ್ಲಿ ಓದುತ್ತಿರುವವರು ತಮ್ಮ ವಿಶ್ವವಿದ್ಯಾಲಯ ಒಪ್ಪಿದಲ್ಲಿ ಒಂದು ಸೆಮಿಸ್ಟರಿನ ಶೇ. 40ರವರೆಗಿನ ಕ್ರೆಡಿಟ್‌ಗಳನ್ನು ಇದರಿಂದ ಗಳಿಸಬಹುದು. ಆದರೆ ಸ್ವಯಂ ಪ್ರಮಾಣಪತ್ರವೇ ಪದವಿಯಲ್ಲ.

ಎರಡನೆಯದು ಪೂರ್ಣ ಆನ್‌ಲೈನ್ ಪದವಿ. ವಿಶ್ವವಿದ್ಯಾಲಯ ಅನುದಾನ ಆಯೋಗದ 2020ರ ನಿಯಮಾವಳಿಯ ಪ್ರಕಾರ, ಮಾನ್ಯತೆ ಪಡೆದ ಸಂಸ್ಥೆಯ ಆನ್‌ಲೈನ್ ಅಥವಾ ದೂರಶಿಕ್ಷಣ ಪದವಿಯು ತರಗತಿಯಲ್ಲಿ ಕುಳಿತು ಪಡೆದ ಪದವಿಗೆ ಸಮಾನ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು ಮತ್ತು ಕೃಷಿ ಪದವಿಗಳಿಗೆ ಇದಕ್ಕೆ ಅವಕಾಶವೇ ಇಲ್ಲ. ಬಿ.ಎಸ್ಸಿ. ಕೃಷಿಯನ್ನು ಆನ್‌ಲೈನಿನಲ್ಲಿ ಕೊಡಿಸುತ್ತೇವೆ ಎನ್ನುವವರ ಮಾತು ಅಲ್ಲಿಗೇ ಸುಳ್ಳಾಗುತ್ತದೆ. ಅದನ್ನು ರಾಯಚೂರು ಕೃಷಿ ವಿಶ್ವವಿದ್ಯಾಲಯದಂತಹ ಸಂಸ್ಥೆಗಳಲ್ಲಿ ಹಾಜರಾಗಿಯೇ ಓದಬೇಕು.

ಮಾನ್ಯತೆಯನ್ನು ಆಯಾ ಶೈಕ್ಷಣಿಕ ವರ್ಷಕ್ಕೆ ನೋಡಬೇಕೆಂಬುದು ಮುಖ್ಯ. 1996ರಲ್ಲಿ ಸ್ಥಾಪಿತವಾದ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆ 2012–13ರ ನಂತರ ಮುಂದುವರಿಯದೆ 2018ರಲ್ಲಿ ಮರಳಿತು. ನಡುವಿನ ವರ್ಷಗಳಲ್ಲಿ ಸೇರಿದವರು ಪದವಿಯ ಸಿಂಧುತ್ವಕ್ಕಾಗಿ ಪರದಾಡಬೇಕಾಯಿತು. ಸರ್ಕಾರಿ ವಿಶ್ವವಿದ್ಯಾಲಯದಲ್ಲಿಯೇ ಹೀಗಾದ ಮೇಲೆ, ಹೊರರಾಜ್ಯದ ಹೆಸರು ಹೇಳಿಕೊಂಡು ಬರುವ ಮಧ್ಯವರ್ತಿಯ ಕರಪತ್ರವನ್ನು ನಂಬಿ ಹಣ ಕಟ್ಟುವುದು ಎಷ್ಟು ಸರಿ?

ಪದವಿ ನೀಡುವ ಕೆಲಸವನ್ನು ಖಾಸಗಿಯವರಿಗೆ ಫ್ರಾಂಚೈಸಿಯಾಗಿ ಕೊಡುವುದನ್ನು ಆಯೋಗ ನಿಷೇಧಿಸಿದೆ. ಆದ್ದರಿಂದ ಶುಲ್ಕವನ್ನು ವಿಶ್ವವಿದ್ಯಾಲಯದ ಖಾತೆಗೇ ಪಾವತಿಸಿ ರಸೀದಿ ಪಡೆಯಬೇಕು. ವಿದ್ಯಾರ್ಥಿಯು ಆಯೋಗದ ದೂರಶಿಕ್ಷಣ ಬ್ಯೂರೋದ ಜಾಲತಾಣದಲ್ಲಿ ಡಿಇಬಿ ಗುರುತಿನ ಸಂಖ್ಯೆಯನ್ನು ತಾನೇ ಸೃಜಿಸಿಕೊಳ್ಳಬೇಕು. ಮಾನ್ಯತೆ ಪಡೆದ ಸಂಸ್ಥೆಗಳ ಹಾಗೂ ಕೋರ್ಸುಗಳ ಪಟ್ಟಿಯೂ ಅಲ್ಲಿಯೇ ಇದೆ.

ಗಣಕಯಂತ್ರ ಮತ್ತು ಇಂಟರ್‌ನೆಟ್ ಇರುವ ಅರಿವು ಕೇಂದ್ರಗಳಲ್ಲಿ ಈ ಪಟ್ಟಿಯನ್ನು ಪಾಲಕರಿಗೆ ತೋರಿಸಲು, ಸಂಜೆಯ ವೇಳೆ ಪಾಠ ಕೇಳಲು ವಿದ್ಯಾರ್ಥಿಗಳಿಗೆ ಅನುವು ಮಾಡಿಕೊಡಲು ಸಾಮಾನ್ಯ ಸಭೆಯಲ್ಲಿ ಚರ್ಚಿಸಿ ನಿರ್ಣಯ ಕೈಗೊಳ್ಳಬಹುದಾಗಿದೆ. ಮನೆಯಲ್ಲಿ ಒಂದೇ ಮೊಬೈಲ್ ಇದ್ದು, ಅದು ಹಗಲೆಲ್ಲ ತಂದೆಯ ಅಥವಾ ಅಣ್ಣನ ಕೈಯಲ್ಲಿರುವ ಹೆಣ್ಣುಮಕ್ಕಳಿಗೆ ಮೊದಲ ಆದ್ಯತೆ ನೀಡುವುದು ಸೂಕ್ತ.