ಸಣ್ಣ ಕೊಳವೆಯನ್ನು ಕತ್ತರಿಸುವ ಬಗೆ

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಕೊಡಲಿ ಬೇಕಾದ ಕಡೆ ಉಗುರನ್ನು ನಂಬಿ ಕುಳಿತವನೂ ಅಷ್ಟೇ ನಗೆಗೀಡಾಗುತ್ತಾನೆ ಎಂಬುದು ಆ ಮಾತಿನ ಇನ್ನೊಂದು ಮುಖ. ಕೆಲಸಕ್ಕೆ ತಕ್ಕ ಸಲಕರಣೆಯನ್ನು ಆರಿಸಿಕೊಳ್ಳುವುದೂ ಒಂದು ವಿದ್ಯೆಯೇ. ಮನೆಯಲ್ಲಿ ಬಿಡುವಿನ ವೇಳೆಯಲ್ಲಿ ರೇಡಿಯೋ ಏರಿಯಲ್, ಗಾಳಿಗೆ ನುಡಿಯುವ ಗಂಟೆ, ಆಟದ ರೈಲು, ಚಿಕ್ಕ ಉಗಿಯಂತ್ರ ಮುಂತಾದವನ್ನು ಮಾಡುವ ಹವ್ಯಾಸವುಳ್ಳವರಿಗೆ ಈ ವಿದ್ಯೆಯ ಅಗತ್ಯ ಬೇಗನೆ ಬೀಳುತ್ತದೆ. ಏಕೆಂದರೆ ಇವೆಲ್ಲಕ್ಕೂ ಬೇಕಾಗುವ ವಸ್ತು ಒಂದೇ: ಹಿತ್ತಾಳೆಯ, ತಾಮ್ರದ ಅಥವಾ ಅಲ್ಯೂಮಿನಿಯಮ್ಮಿನ ಸಣ್ಣ ಕೊಳವೆ.

ಕೊಳವೆ, ಕೊಳಲು ಈ ಎರಡು ಮಾತುಗಳೂ ಒಂದೇ ಮೂಲದವು. ಒಳಗೆ ಬಯಲಿರುವುದೇ ಇವೆರಡರ ಗುಣ. ಕತ್ತರಿಸುವವನಿಗೆ ತೊಂದರೆ ಬರುವುದೂ ಆ ಬಯಲಿನಿಂದಲೇ. ಗಟ್ಟಿ ಸರಳನ್ನು ಹೇಗೆ ಹಿಡಿದರೂ ಅದು ತಡೆಯುತ್ತದೆ. ಕೊಳವೆಯನ್ನು ಬಿಗಿಯಾಗಿ ಹಿಡಿದರೆ ಚಪ್ಪಟೆಯಾಗುತ್ತದೆ, ಸಡಿಲವಾಗಿ ಹಿಡಿದರೆ ತಿರುಗುತ್ತದೆ. ಗರಗಸದ ಹಲ್ಲು ಅದರ ತೆಳುವಾದ ಗೋಡೆಗೆ ಸಿಕ್ಕಿಕೊಳ್ಳುತ್ತದೆ. ಎಲ್ಲ ಮುಗಿದ ಮೇಲೆ ಅಂಚಿನಲ್ಲಿ ಚೂಪಾದ ಲೋಹದ ಸಿಬಿರು ಏಳುತ್ತದೆ. ವರ್ಕ್‌ಶಾಪಿನವರು ಅದನ್ನು ‘ಬರ್’ ಎನ್ನುತ್ತಾರೆ. ಈ ತೊಂದರೆಗಳಲ್ಲಿ ಯಾವುದನ್ನು ಎಷ್ಟರಮಟ್ಟಿಗೆ ಸಹಿಸಬಹುದು ಎಂಬುದರ ಮೇಲೆ ಸಲಕರಣೆಯ ಆಯ್ಕೆ ನಿಂತಿದೆ.

ಆದುದರಿಂದ ಅಂಗಡಿಗೆ ಹೋಗುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಲೋಹ ಯಾವುದು? ಗೋಡೆಯ ದಪ್ಪ ಎಷ್ಟು? ಕತ್ತರಿಸಿದ ತುಂಡು ಯಾವ ಕೆಲಸಕ್ಕೆ ಬೇಕು? ಮೂರನೆಯದನ್ನು ಜನ ಮರೆಯುವುದೇ ಹೆಚ್ಚು. ಎರಡು ಉದಾಹರಣೆಗಳನ್ನು ನೋಡಿ.

ಎಫ್.ಎಂ. ಪ್ರಸಾರವನ್ನು ಚೆನ್ನಾಗಿ ಹಿಡಿಯಲು ಎರಡು ಅಲ್ಯೂಮಿನಿಯಂ ಕೊಳವೆಗಳಿಂದ ಒಂದು ಸರಳ ಏರಿಯಲ್ ಮಾಡಬಹುದು. ೧೦೧.೩ ಮೆಗಾಹರ್ಟ್ಸ್ ಕಂಪನಾಂಕದ ಅಲೆಯ ಉದ್ದ ೨ ಮೀಟರ್ ೯೬ ಸೆಂಟಿಮೀಟರ್. ಅದರ ಅರ್ಧಕ್ಕಿಂತ ಶೇಕಡ ೫ರಷ್ಟು ಕಡಿಮೆ ಇಟ್ಟುಕೊಳ್ಳುವುದು ವಾಡಿಕೆ. ಹಾಗಾಗಿ ಎರಡು ಕೈಗಳಲ್ಲಿ ಒಂದೊಂದೂ ಸುಮಾರು ೭೦ ಸೆಂಟಿಮೀಟರ್ ಆಗುತ್ತದೆ. ಇಲ್ಲಿ ಎರಡು ಮೂರು ಮಿಲಿಮೀಟರ್ ಹೆಚ್ಚು ಕಡಿಮೆಯಾದರೆ ರೇಡಿಯೋ ದೂರು ಹೇಳುವುದಿಲ್ಲ. ತುದಿ ಸ್ವಲ್ಪ ಸೊಟ್ಟಗಿದ್ದರೂ ಸಂಗೀತ ಕೇಳಿಸೀತು.

ಗಾಳಿಗಂಟೆಯ ಮಾತು ಬೇರೆ. ಒಂದೇ ಬಗೆಯ ಕೊಳವೆಯಿಂದ ತುಂಡುಗಳನ್ನು ಮಾಡಿ ತೂಗುಹಾಕಿದರೆ, ಅವುಗಳ ಕಂಪನಾಂಕ ಉದ್ದದ ವರ್ಗಕ್ಕೆ ವಿಲೋಮವಾಗಿರುತ್ತದೆ. ೫೦೦ ಮಿಲಿಮೀಟರಿನ ತುಂಡನ್ನು ಷಡ್ಜವೆಂದು ಇಟ್ಟುಕೊಂಡರೆ ಪಂಚಮಕ್ಕೆ ೪೦೮, ತಾರಷಡ್ಜಕ್ಕೆ ೩೫೪ ಮಿಲಿಮೀಟರ್ ಬೇಕು. ಈ ಕಡೆಯ ತುಂಡಿನಲ್ಲಿ ೩ ಮಿಲಿಮೀಟರ್ ತಪ್ಪಿದರೆ ಅರ್ಧಸ್ವರದ ಮೂರನೆಯ ಒಂದು ಭಾಗದಷ್ಟು ಶ್ರುತಿ ಕೆಡುತ್ತದೆ; ಹಾಡು ಕಲಿತ ಕಿವಿ ಅದನ್ನು ಕೂಡಲೇ ಗುರುತಿಸುತ್ತದೆ. ಆದ್ದರಿಂದ ಇದನ್ನು ಎರಡು ಮಿಲಿಮೀಟರ್ ಉದ್ದವಾಗಿಯೇ ಕತ್ತರಿಸಿ, ಅರದಿಂದ ಉಜ್ಜುತ್ತ ಶ್ರುತಿಗೆ ತರಬೇಕು. ಉಜ್ಜಿದಷ್ಟೂ ಸ್ವರ ಏರುತ್ತದೆ. ಏರಿದ ಸ್ವರವನ್ನು ಮತ್ತೆ ಇಳಿಸುವ ಉಪಾಯವಿಲ್ಲ. ತೂಗುಹಾಕುವ ರಂಧ್ರವನ್ನು ತುದಿಯಿಂದ ಒಟ್ಟು ಉದ್ದದ ಶೇಕಡ ೨೨.೪ರಷ್ಟು ದೂರದಲ್ಲಿ, ಎಂದರೆ ೫೦೦ ಮಿಲಿಮೀಟರಿನ ತುಂಡಿಗೆ ೧೧೨ ಮಿಲಿಮೀಟರಿನಲ್ಲಿ, ಮಾಡಿದರೆ ನಾದ ಬಹಳ ಹೊತ್ತು ನಿಲ್ಲುತ್ತದೆ. ಕೊಳವೆ ನಡುಗುವಾಗ ನಡುಗದೆ ಉಳಿಯುವ ಸ್ಥಾನ ಅದು.

ಸಲಕರಣೆ ಯಾವುದೇ ಆಗಲಿ, ಮೊದಲು ಗುರುತು ಹಾಕುವುದನ್ನೂ ಹಿಡಿಯುವುದನ್ನೂ ಕಲಿಯಬೇಕು. ಅಂಚು ನೇರವಾಗಿರುವ ಕಾಗದದ ಪಟ್ಟಿಯೊಂದನ್ನು ಕೊಳವೆಗೆ ಸುತ್ತಿ. ಪಟ್ಟಿಯ ಅಂಚು ಅಂಚಿನ ಮೇಲೇ ಸರಿಯಾಗಿ ಕೂತರೆ ಆ ಗೆರೆ ಕೊಳವೆಗೆ ಲಂಬವಾಗಿದೆ ಎಂದು ತಿಳಿಯಿರಿ. ಅದರಗುಂಟ ಗೆರೆ ಎಳೆಯಿರಿ. ಹಿಡಿಯುವುದಕ್ಕೆ ಒಂದು ಮರದ ತುಂಡಿನಲ್ಲಿ ಕೊಳವೆಯಷ್ಟೇ ಅಗಲದ ರಂಧ್ರ ಕೊರೆದು, ಆ ರಂಧ್ರದ ನಡುವೆ ಹಾಯುವಂತೆ ಮರವನ್ನು ಉದ್ದಕ್ಕೆ ಸೀಳಿ. ಈ ಎರಡು ಹೋಳುಗಳ ನಡುವೆ ಕೊಳವೆಯನ್ನಿಟ್ಟು ವೈಸಿನಲ್ಲಿ ಬಿಗಿದರೆ ಒತ್ತಡ ಸುತ್ತಲೂ ಹಂಚಿಹೋಗಿ ಕೊಳವೆ ಚಪ್ಪಟೆಯಾಗುವುದಿಲ್ಲ. ಗೋಡೆ ತೀರ ತೆಳುವಾಗಿದ್ದರೆ ಒಳಗೆ ಬಿಗಿಯಾಗಿ ಕೂರುವ ಬಿದಿರಿನ ಕಡ್ಡಿಯೊಂದನ್ನು ತೂರಿಸಿ, ಕಡ್ಡಿಯ ಸಮೇತ ಕತ್ತರಿಸಿಬಿಡಿ.

ಇನ್ನು ಸಲಕರಣೆಗಳು. ಎಲ್ಲರ ಮನೆಯಲ್ಲಿಯೂ ಇರತಕ್ಕದ್ದು ಹ್ಯಾಕ್‌ಸಾ. ಇದರ ಬ್ಲೇಡಿನಲ್ಲಿ ಒಂದು ಅಂಗುಲಕ್ಕೆ ಇಷ್ಟು ಹಲ್ಲು ಎಂಬ ಲೆಕ್ಕವುಂಟು: ೧೮, ೨೪, ೩೨ ಎಂದು ಬ್ಲೇಡಿನ ಮೇಲೆಯೇ ಬರೆದಿರುತ್ತದೆ. ಕೊಳ್ಳುವವರು ಇದನ್ನು ಓದುವುದೇ ಇಲ್ಲ. ಅಂಗುಲಕ್ಕೆ ೧೮ ಹಲ್ಲಿದ್ದರೆ ಹಲ್ಲಿಗೂ ಹಲ್ಲಿಗೂ ನಡುವಣ ಅಂತರ ೧.೪ ಮಿಲಿಮೀಟರ್. ಕೊಳವೆಯ ಗೋಡೆ ೧ ಮಿಲಿಮೀಟರ್ ಆದರೆ ಅದು ಎರಡು ಹಲ್ಲುಗಳ ನಡುವಿನ ಸಂದಿಗೆ ಬಿದ್ದು ಸಿಕ್ಕಿಕೊಳ್ಳುತ್ತದೆ. ಒತ್ತಿ ತಳ್ಳಿದರೆ ಹಲ್ಲು ಮುರಿಯುತ್ತದೆ ಅಥವಾ ಕೊಳವೆ ಬಾಗುತ್ತದೆ. ೩೨ ಹಲ್ಲಿನ ಬ್ಲೇಡಿನಲ್ಲಿ ಅಂತರ ೦.೮ ಮಿಲಿಮೀಟರ್ ಮಾತ್ರ. ಆದುದರಿಂದ ಸಣ್ಣ ಕೊಳವೆಗೆ ೩೨ರ ಬ್ಲೇಡನ್ನೇ ಕೇಳಿ ಪಡೆಯಿರಿ. ಹಲ್ಲುಗಳ ಮೊನೆ ಹಿಡಿಯಿಂದ ಆಚೆಗೆ ಮುಖ ಮಾಡಿರುವಂತೆ ಬ್ಲೇಡನ್ನು ಹಾಕಬೇಕು. ಇದು ಮುಂದಕ್ಕೆ ತಳ್ಳುವಾಗ ಕತ್ತರಿಸುತ್ತದೆ.

ಇದರ ಜೊತೆಗೆ ಒಂದು ಯುಕ್ತಿ. ೧೨ ಮಿಲಿಮೀಟರ್ ಅಗಲದ, ೧ ಮಿಲಿಮೀಟರ್ ಗೋಡೆಯ ಕೊಳವೆಯನ್ನು ಮೇಲಿನಿಂದ ಕತ್ತರಿಸತೊಡಗಿದಾಗ, ಬ್ಲೇಡು ಗೋಡೆಯನ್ನು ಹಾಯ್ದು ಒಳಗನ್ನು ಮುಟ್ಟುವ ಹೊತ್ತಿಗೆ ಅದರ ಕೆಳಗೆ ಸುಮಾರು ಆರೂವರೆ ಮಿಲಿಮೀಟರ್ ಲೋಹವಿರುತ್ತದೆ. ಎಂಟು ಹಲ್ಲುಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಕತ್ತರಿಕೆ ನಯವಾಗಿ ಸಾಗುತ್ತದೆ. ಅಲ್ಲಿಂದ ನೇರವಾಗಿ ಕೆಳಗಿಳಿದರೆ, ನಡುವಿಗೆ ಬಂದಾಗ ಅತ್ತ ಇತ್ತ ಇರುವ ಎರಡು ತೆಳು ಗೋಡೆಗಳು ಮಾತ್ರ ಉಳಿಯುತ್ತವೆ. ಒಂದೊಂದಕ್ಕೆ ಒಂದು ಹಲ್ಲಿನ ಆಧಾರ. ಗರಗಸ ಕುಣಿಯುವುದು ಅಲ್ಲಿಯೇ. ಆದ್ದರಿಂದ ಗೋಡೆ ತೂತಾದ ಕೂಡಲೆ ನಿಲ್ಲಿಸಿ, ಕೊಳವೆಯನ್ನು ಸ್ವಲ್ಪ ತಿರುಗಿಸಿ, ಗೆರೆಯಗುಂಟ ಮತ್ತೆ ಕತ್ತರಿಸಿ. ಹೀಗೆ ಸುತ್ತು ಬರುವ ಹೊತ್ತಿಗೆ ತುಂಡು ತಾನಾಗಿ ಬೇರೆಯಾಗುತ್ತದೆ. ಅಲ್ಯೂಮಿನಿಯಂ ಹಲ್ಲಿಗೆ ಮೆತ್ತಿಕೊಳ್ಳುವ ಲೋಹ. ಬ್ಲೇಡಿಗೆ ಮೇಣದಬತ್ತಿಯನ್ನು ಸವರಿಕೊಂಡರೆ ಸರಿಹೋಗುತ್ತದೆ. ಉಕ್ಕಿಗೆ ಒಂದು ತೊಟ್ಟು ಎಣ್ಣೆ ಬೇಕು. ಹಿತ್ತಾಳೆಗೆ ಏನೂ ಬೇಡ.

ಕೊಳವೆ ೫ ಮಿಲಿಮೀಟರಿಗಿಂತ ಸಣ್ಣದಾಗಿ, ಗೋಡೆ ಅರ್ಧ ಮಿಲಿಮೀಟರಿಗೂ ಕಡಿಮೆಯಾಗಿದ್ದರೆ ಹ್ಯಾಕ್‌ಸಾ ಸಹ ಒರಟು. ಆಗ ಅಕ್ಕಸಾಲಿಗರ ಗರಗಸವನ್ನು ಮೊರೆಹೋಗಬೇಕು. ದಾರದಂಥ ಬ್ಲೇಡನ್ನು ಒಂದು ಕಮಾನಿನಲ್ಲಿ ಬಿಗಿದಿರುವ ಈ ಉಪಕರಣದಲ್ಲಿ ಹಲ್ಲುಗಳ ಮೊನೆ ಹಿಡಿಯ ಕಡೆಗೆ ಇರುತ್ತದೆ, ಎಳೆಯುವಾಗ ಕತ್ತರಿಸುತ್ತದೆ. ಬ್ಲೇಡಿನ ನಂಬರು ೨/೦, ೪/೦ ಎಂದು ಏರಿದಂತೆ ಅದು ತೆಳುವಾಗುತ್ತ ಹೋಗುತ್ತದೆ. ಬ್ಲೇಡು ಅಗ್ಗ, ಬಹಳ ಸುಲಭವಾಗಿ ಮುರಿಯುತ್ತದೆ. ಆದ್ದರಿಂದ ಡಜನ್ ಲೆಕ್ಕದಲ್ಲಿ ಕೊಳ್ಳುವುದು ಮೇಲು. ಒತ್ತಬೇಡಿ, ಅದರ ತೂಕದಲ್ಲಿಯೇ ಅದು ಇಳಿಯಲಿ. ಒಂದರೊಳಗೊಂದು ಸೇರುವ ಹಿತ್ತಾಳೆಯ ಕೊಳವೆಗಳಿಗೆ ಇದಕ್ಕಿಂತ ಅಚ್ಚುಕಟ್ಟಾದ ಸಾಧನ ಮತ್ತೊಂದಿಲ್ಲ.

ಮೂರನೆಯದು ಟ್ಯೂಬ್ ಕಟರ್. ಫ್ರಿಜ್ ರಿಪೇರಿಯವರ ಚೀಲದಲ್ಲಿ ಇದನ್ನು ನೀವು ಕಂಡಿರಬಹುದು. ಒಂದು ಕಡೆ ಎರಡು ಉರುಳೆಗಳು, ಎದುರಿಗೆ ಹರಿತವಾದ ಒಂದು ಚಕ್ರ. ಕೊಳವೆಯನ್ನು ನಡುವೆ ಇಟ್ಟು, ತಿರುಪನ್ನು ಮುಟ್ಟುವಷ್ಟು ಮಾತ್ರ ಬಿಗಿಮಾಡಿ, ಕಟರನ್ನು ಸುತ್ತಲೂ ತಿರುಗಿಸಬೇಕು. ಒಂದೊಂದು ಸುತ್ತಿಗೂ ತಿರುಪನ್ನು ಕಾಲು ಸುತ್ತಿಗಿಂತ ಹೆಚ್ಚು ಬಿಗಿಸಕೂಡದು. ಆತುರದಿಂದ ಬಿಗಿಸಿದರೆ ಕೊಳವೆ ಒಳಕ್ಕೆ ಕುಸಿಯುತ್ತದೆ. ಹುಡಿ ಬೀಳುವುದಿಲ್ಲ, ತುದಿ ತಾನಾಗಿ ಲಂಬವಾಗಿ ಬರುತ್ತದೆ, ಶಬ್ದವೂ ಇಲ್ಲ. ಇಷ್ಟೆಲ್ಲ ಗುಣಗಳಿರುವ ಇದಕ್ಕೆ ಒಂದು ದೋಷವುಂಟು. ಈ ಚಕ್ರ ಲೋಹವನ್ನು ತೆಗೆದುಹಾಕುವುದಿಲ್ಲ, ಬೆಣೆಯಂತೆ ಪಕ್ಕಕ್ಕೆ ತಳ್ಳುತ್ತದೆ. ತಳ್ಳಿದ ಲೋಹ ಒಳಮುಖವಾಗಿ ಬಾಗಿ ಕೊಳವೆಯ ಬಾಯಿಯನ್ನು ಕಿರಿದುಮಾಡುತ್ತದೆ. ಏರಿಯಲ್ಲಿಗೆ, ಗಾಳಿಗಂಟೆಗೆ ಇದರಿಂದ ಬಾಧೆಯಿಲ್ಲ. ಒಳಗೆ ಇನ್ನೊಂದು ಕೊಳವೆ ಜಾರಬೇಕಾದರೆ ಅಥವಾ ಉಗಿ ಹರಿಯಬೇಕಾದರೆ ಆ ತುಟಿಯನ್ನು ರೀಮರಿನಿಂದ ತೆಗೆದುಹಾಕಲೇಬೇಕು. ಚೌಕಾಕಾರದ ಕೊಳವೆಗೆ ಇದು ಸಲ್ಲದು.

ನಾಲ್ಕನೆಯದರ ಬಗ್ಗೆ ತಂದೆತಾಯಿಗಳು ಕಿವಿಗೊಟ್ಟು ಕೇಳಬೇಕು. ೨೦೧೬ರಿಂದೀಚೆಗೆ ಅನೇಕ ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಲ್ಯಾಬುಗಳು ಬಂದಿವೆ; ಮಕ್ಕಳಿಗೆ ಕೈಕೆಲಸದಲ್ಲಿ ಆಸೆ ಹುಟ್ಟಿದೆ; ಇದು ಸಂತೋಷದ ವಿಷಯ. ಆದರೆ ಆಸೆಯ ಬೆನ್ನಿಗೇ, ವೇಗವಾಗಿ ತಿರುಗುವ ವಿದ್ಯುತ್ ಯಂತ್ರ ಬೇಕೆಂಬ ಹಟವೂ ಬರುತ್ತದೆ. ಆ ಯಂತ್ರಕ್ಕೆ ಸಿಕ್ಕಿಸುವ ತೆಳುವಾದ ಅರೆಯುವ ಬಿಲ್ಲೆ ಗಟ್ಟಿ ಉಕ್ಕನ್ನು ಕ್ಷಣದಲ್ಲಿ ಕತ್ತರಿಸುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಸೂಜಿಯಂಥ ಕೊಳವೆಗೆ ಅದು ಒಪ್ಪುವ ಸಾಧನವೇ ಹೌದು. ಆದರೆ ಸ್ವಲ್ಪ ಓರೆಯಾದರೆ ಬಿಲ್ಲೆ ಸಿಡಿಯುತ್ತದೆ, ಚೂರು ಮುಖಕ್ಕೆ ಹಾರುತ್ತದೆ. ಅಲ್ಯೂಮಿನಿಯಮ್ಮಿಗೆ ಇದನ್ನು ಹಿಡಿದರೆ ಲೋಹ ಬಿಲ್ಲೆಗೆ ಮೆತ್ತಿ, ಬಿಸಿಯೇರಿ ಅಪಾಯ ಇಮ್ಮಡಿಯಾಗುತ್ತದೆ. ಕಣ್ಣಿಗೆ ರಕ್ಷಣೆಯ ಕನ್ನಡಕವಿಲ್ಲದೆ, ದೊಡ್ಡವರು ಪಕ್ಕದಲ್ಲಿಲ್ಲದೆ ಇದನ್ನು ಮುಟ್ಟತಕ್ಕದ್ದಲ್ಲ. ಓದುವ ಕನ್ನಡಕ ಇದಕ್ಕೆ ಸಾಲದು. ಹೋದ ಬೆರಳುಗುರು ಬಂದೀತು, ಹೋದ ಕಣ್ಣು ಬಾರದು. ಸೂಜಿಯಂಥ ಕೊಳವೆಗೆ ಬಡವರ ಉಪಾಯವೂ ಒಂದುಂಟು: ಮೂರು ಮೂಲೆಯ ಸಣ್ಣ ಅರದಿಂದ ಸುತ್ತಲೂ ಒಂದು ಗೀರು ಮಾಡಿ, ಎರಡು ಕಡೆಯೂ ಹಿಡಿದು ಮೆಲ್ಲನೆ ಬಾಗಿಸಿದರೆ ಅಲ್ಲಿಗೇ ಮುರಿಯುತ್ತದೆ.

ಕತ್ತರಿಸಿದಲ್ಲಿಗೆ ಕೆಲಸ ಮುಗಿಯಲಿಲ್ಲ. ಸಮತಟ್ಟಾದ ಅರದಿಂದ ತುದಿಯನ್ನು ಸಮಮಾಡಿ, ಹೊರ ಅಂಚನ್ನು ಲಘುವಾಗಿ ಉಜ್ಜಿ, ಒಳ ಅಂಚಿನ ಬರ್ ಅನ್ನು ದುಂಡು ಅರದಿಂದ ತೆಗೆಯಬೇಕು. ಬೆರಳಿನಿಂದ ಸವರಿ ನೋಡುವ ಅಭ್ಯಾಸ ಬೇಡ. ಆ ಅಂಚು ಕ್ಷೌರದ ಕತ್ತಿಯಂತೆ ಕೊಯ್ಯುತ್ತದೆ. ಬಟ್ಟೆಯನ್ನು ಸವರಿ ನೋಡಿ. ಎಳೆ ಸಿಕ್ಕಿಕೊಳ್ಳದಿದ್ದರೆ ನಯವಾಗಿದೆ ಎಂದರ್ಥ.

ಹಾಗಾದರೆ ಮೊದಲು ಕೊಳ್ಳಬೇಕಾದುದು ಯಾವುದು? ೩೨ ಹಲ್ಲಿನ ಬ್ಲೇಡುಗಳೊಡನೆ ಒಂದು ಚಿಕ್ಕ ಹ್ಯಾಕ್‌ಸಾ, ಒಂದು ಸಮತಟ್ಟಾದ ಅರ, ಒಂದು ದುಂಡು ಅರ. ಇಷ್ಟರಿಂದ ಮುಕ್ಕಾಲು ಪಾಲು ಕೆಲಸ ನಡೆಯುತ್ತದೆ. ಒಂದೇ ಅಳತೆಯ ತುಂಡುಗಳು ಹಲವು ಬೇಕಾದಾಗ ಟ್ಯೂಬ್ ಕಟರ್ ಕೊಳ್ಳಿ. ಹಿತ್ತಾಳೆಯ ಸೂಕ್ಷ್ಮ ಕೆಲಸಕ್ಕೆ ಇಳಿದಾಗ ಅಕ್ಕಸಾಲಿಗರ ಗರಗಸ. ವಿದ್ಯುತ್ ಯಂತ್ರ ಎಲ್ಲಕ್ಕೂ ಕಡೆಗೆ.

ವ್ಯಾಕರಣ ಓದಿದವರು ಪದಚ್ಛೇದ ತಪ್ಪಿದರೆ ಅರ್ಥ ಕೆಡುತ್ತದೆ ಎನ್ನುತ್ತಾರೆ. ಇಲ್ಲಿಯೂ ಹಾಗೆಯೇ, ಎಲ್ಲಿ, ಯಾವುದರಿಂದ ಬಿಡಿಸಬೇಕು ಎಂಬುದನ್ನು ಬಲ್ಲವನ ಕೈಯಲ್ಲಿ ವಸ್ತು ಕೆಡುವುದಿಲ್ಲ. ಮಗು ಕತ್ತರಿಸಿದ ಕೊಳವೆ ಸೊಟ್ಟಗಾಯಿತೆಂದು ಕೂಡಲೆ ಅದರ ಕೈಯನ್ನು ಹಳಿಯಬೇಡಿ. ನನ್ನಿಂದ ಆಗದು ಎಂಬ ಭಾವನೆ ಎಳೆಯ ಮನಸ್ಸಿನಲ್ಲಿ ಒಮ್ಮೆ ಬೇರೂರಿದರೆ ಅದನ್ನು ಕೀಳುವ ಅರ ಯಾವ ಅಂಗಡಿಯಲ್ಲಿಯೂ ಸಿಕ್ಕುವುದಿಲ್ಲ. ಮೊದಲು ಬ್ಲೇಡಿನ ಹಲ್ಲುಗಳನ್ನು ಎಣಿಸಿ ನೋಡಿ. ತಪ್ಪು ಅಲ್ಲಿಯೇ ಇರುವುದುಂಟು.